ನೆರಳಿಗೆ ಬಡ್ಡಿ ಎಷ್ಟು?

ಡೊಂಬಿವಲಿಯಲ್ಲಿ ನೆಲೆಸಿರುವ ಹಿರಿಯ ಗೆಳೆಯರೊಬ್ಬರು ಕಳೆದ ವರ್ಷದ ಮೇ ತಿಂಗಳ ಒಂದು ರಾತ್ರಿ ಫೋನು ಮಾಡಿ, "ತಂಗೀ, ನನ್ನ ಕಾದಂಬರಿಯನ್ನು ಸಿನಿಮಾ ಮಾಡ್ತಾರಂತೆ. ಮೂವರು ನಿರ್ದೇಶಕರ ಹೆಸರು ಕೊಟ್ಟು, ಯಾರು ಆಗಬಹುದು ಹೇಳಿ ಅಂದಿದ್ದಾರೆ. 34 ವರ್ಷ ಬ್ಯಾಂಕಿನಲ್ಲಿ ಸಾಲ ಕೊಟ್ಟವ ನಾನು, ಕೊಟ್ಟದ್ದು ಯಾರಿಂದ ತಿರುಗಿ ಬರುತ್ತದೆ ಅಂತ ಮುಖ ನೋಡಿ ಹೇಳುತ್ತಿದ್ದೆ. ಇದು ಮಾತ್ರ ತಿಳಿಯುವುದಿಲ್ಲ" ಎಂದರು. ನಾನು ಅಂಧೇರಿಯ ಸ್ಟುಡಿಯೋಗಳಿಗೆ ಸಬ್‌ಟೈಟಲ್ ಬರೆದುಕೊಡುವ ಕೆಲಸದಲ್ಲಿ 16 ವರ್ಷಗಳಿಂದ ಇರುವವಳು. ಚಿತ್ರವನ್ನು ಕ್ಷಣಕ್ಷಣಕ್ಕೂ ನಿಲ್ಲಿಸಿ ನೋಡುವ ಈ ಕೆಲಸದಲ್ಲಿ, ನಿರ್ದೇಶಕನಿಗೆ ತನ್ನ ಕಥೆಯ ಮೇಲೆ ಎಲ್ಲಿ ನಂಬಿಕೆಯಿತ್ತು, ಎಲ್ಲಿ ಆತ ಹಿನ್ನೆಲೆ ಸಂಗೀತದ ಮರೆಯಲ್ಲಿ ನುಸುಳಿಕೊಂಡ ಎಂಬುದು ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಅಷ್ಟು ಅರ್ಹತೆಯ ಮೇಲೆ ನಾನು ಈ ಪಂಚಾಯ್ತಿಗೆ ಒಪ್ಪಿಕೊಂಡೆ. ಸಾಮಾನ್ಯವಾಗಿ ನಿರ್ಮಾಪಕರು ಹಕ್ಕನ್ನು ಕೊಂಡ ಮೇಲೆ ಲೇಖಕನನ್ನು ಮುಹೂರ್ತದ ದಿನ ಹಾರ ಹಾಕುವುದಕ್ಕಷ್ಟೇ ಕರೆಯುವುದು ರೂಢಿ. ಇವರು ಮುಂಚೆಯೇ ಕೇಳಿದ್ದು ನನಗೆ ಆಶ್ಚರ್ಯವನ್ನೂ ಸ್ವಲ್ಪ ಅನುಮಾನವನ್ನೂ ತಂದಿತು.

ಕಾದಂಬರಿಯ ವಿಷಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಘಟ್ಟದ ಕೆಳಗಿನ ಒಂದು ಊರಿನಲ್ಲಿ ಬಡವರು ತಮ್ಮ ನೆರಳನ್ನು ಒಡೆಯನ ಬಳಿ ಅಡವಿಡುತ್ತಾರೆ. ಅಡವಿಟ್ಟ ನೆರಳು ಹಗಲೆಲ್ಲ ಒಡೆಯನ ಗದ್ದೆಯಲ್ಲಿ ದುಡಿದು, ರಾತ್ರಿ ದೀಪದ ಬೆಳಕಿನಲ್ಲಿ ಭತ್ತ ಕುಟ್ಟುತ್ತದೆ. ನೆರಳಿನ ಮಾಲೀಕನು ಬಿಸಿಲಿಗೆ ಬರಲು ನಾಚಿ ಮರದಡಿಯಿಂದ ಮರದಡಿಗೆ ಓಡಾಡುತ್ತಾನೆ. ಮನುಷ್ಯ ಸತ್ತರೂ ಸಾಲ ತೀರದೆ ನೆರಳಿಗೆ ಬಿಡುಗಡೆಯಿಲ್ಲ. ತೀರಿಹೋದ ತಂದೆಯ ನೆರಳನ್ನು ಬಿಡಿಸಿಕೊಂಡು ಬರಲು ಹೊರಟ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕಥೆ ಇದು. ಗೆಳೆಯರು ಅಂಕೋಲೆಯ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಬರೆಯಲು ಕುಳಿತವರು. ಪುಸ್ತಕವನ್ನು ಓದಿದವರು ಹೆಚ್ಚಿಲ್ಲ, ಓದಿದವರು ಮರೆತಿಲ್ಲ.

ಮೊದಲ ಸಲ ನಾವು ಸೇರಿದ್ದು ಮಾತುಂಗದಲ್ಲಿ. ಮೈಸೂರು ಅಸೋಸಿಯೇಷನ್ನಿನಲ್ಲಿ ಅವರಿಗೆ ಏನೋ ಕೆಲಸವಿತ್ತು; ಅದು ಮುಗಿದ ಮೇಲೆ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ, ಹಿಂದೆ ಕಾಯುತ್ತ ನಿಂತಿದ್ದ ಗಿರಾಕಿಗಳ ದೃಷ್ಟಿಯನ್ನು ಸಹಿಸಿಕೊಂಡು, ಒಂದು ಗಂಟೆ ಕುಳಿತೆವು. ಒಂದು ಪುಸ್ತಕಕ್ಕೆ ನಿರ್ದೇಶಕ ಯಾಕಷ್ಟು ಮುಖ್ಯ, ಕಥೆ ಗಟ್ಟಿಯಾಗಿದ್ದರೆ ಯಾರು ಮಾಡಿದರೂ ನಿಲ್ಲುವುದಿಲ್ಲವೇ ಎಂಬುದು ಅವರ ಪ್ರಶ್ನೆಯಾಗಿತ್ತು. ನಾನು ಅವರ ಊರಿನ ಯಕ್ಷಗಾನವನ್ನೇ ನೆನಪಿಸಿದೆ. ಆಟಕ್ಕೆ ಹೊರಟವರು ಪ್ರಸಂಗ ಯಾವುದೆಂದು ಕೇಳಿದ ಮರುಕ್ಷಣವೇ ಭಾಗವತರು ಯಾರೆಂದು ಕೇಳುತ್ತಾರೆ. ಪ್ರಸಂಗದ ಪದ್ಯ ಅದೇ, ಕವಿಯೂ ಅವನೇ, ಆದರೆ ಒಬ್ಬರು ಎಳೆದು ಹಾಡಿದಾಗ ಕಣ್ಣೊರೆಸಿಕೊಳ್ಳುವ ಪಾತ್ರವು ಇನ್ನೊಬ್ಬರು ಲಯ ಬಿಗಿದಾಗ ಹಲ್ಲು ಕಚ್ಚುತ್ತದೆ. ರಂಗಸ್ಥಳದ ಒಂದೇ ಮರದ ರಥ ಸಿಂಹಾಸನವಾಗುವುದೂ ಬೆಟ್ಟವಾಗುವುದೂ ಆ ಹಾಡಿನ ಬಲದಿಂದ. "ಹಾಗಾದರೆ ನಮಗೆ ಬೇಕಾದವ ಭಾಗವತ" ಎಂದು ಅವರು ಇಡ್ಲಿಯ ಕೊನೆಯ ತುಂಡನ್ನು ಸಾಂಬಾರಿನಲ್ಲಿ ಅದ್ದಿದರು.

ಇದಕ್ಕೆ ಸಿನಿಮಾದಲ್ಲೇ ಒಂದು ಒಳ್ಳೆಯ ಸಾಕ್ಷಿಯಿದೆ. ರಾಜಸ್ಥಾನಿ ಕಥೆಗಾರ ವಿಜಯದಾನ್ ದೇಥಾ ಅವರ ಒಂದೇ ಕಥೆಯನ್ನು ಇಬ್ಬರು ನಿರ್ದೇಶಕರು ಎತ್ತಿಕೊಂಡರು. ಮದುವೆಯಾದ ಕೂಡಲೇ ವ್ಯಾಪಾರಕ್ಕೆ ಹೊರಟುಹೋದ ಗಂಡನ ರೂಪ ಧರಿಸಿ, ಮದುಮಗಳನ್ನು ಮೋಹಿಸಿದ ಭೂತವೊಂದು ಮನೆ ಸೇರುವ ಕಥೆ ಅದು. 1973ರಲ್ಲಿ ಮಣಿ ಕೌಲ್ ಮಾಡಿದ 'ದುವಿಧಾ'ದಲ್ಲಿ ಮಾಯೆಯೆಂದು ಬೆರಳಿಟ್ಟು ತೋರಿಸುವಂಥದ್ದು ಹೆಚ್ಚೇನೂ ಇಲ್ಲ. ಬಿಳಿ ಗೋಡೆ, ಕೆಂಪು ಬಟ್ಟೆ, ನಿಂತುಬಿಡುವ ಚಿತ್ರಗಳು, ಎಲ್ಲಿಂದಲೋ ಬರುವ ಧ್ವನಿ. 2005ರಲ್ಲಿ ಅಮೋಲ್ ಪಾಲೇಕರ್ ಮಾಡಿದ 'ಪಹೇಲಿ'ಯಲ್ಲಿ ಮಾತನಾಡುವ ಗೊಂಬೆಗಳಿವೆ, ಹಾಡು, ಬಣ್ಣ, ಶಾರುಖ್ ಖಾನ್ ಇದ್ದಾರೆ. ಒಂದರಲ್ಲಿ ಭೂತ ಚರ್ಮದ ಚೀಲದಲ್ಲಿ ಸಿಕ್ಕಿಬಿದ್ದು ಹೋಗುತ್ತದೆ, ಹೆಣ್ಣು ತನ್ನದಲ್ಲದ ಗಂಡನೊಡನೆ ಉಳಿಯುತ್ತಾಳೆ. ಇನ್ನೊಂದರಲ್ಲಿ ಭೂತ ಗಂಡನ ದೇಹವನ್ನೇ ಹೊಕ್ಕು ಅವಳೊಡನೆ ಬಾಳುತ್ತದೆ. ಎರಡನ್ನೂ ನಾನು ಇಷ್ಟಪಡುತ್ತೇನೆ, ಸಮನಾಗಿ ಅಲ್ಲ. ಆದರೆ ದೇಥಾ ಅವರಿಗೆ ಯಾರಾದರೂ ಮುಂಚಿತವಾಗಿ ಇಬ್ಬರ ಹೆಸರನ್ನೂ ಕೊಟ್ಟು ಆರಿಸಿ ಎಂದಿದ್ದರೆ, ಅವರು ಆರಿಸಬೇಕಾಗಿದ್ದದ್ದು ನಿರ್ದೇಶಕನೊಬ್ಬನನ್ನಷ್ಟೇ ಆಗಿರದೆ ಭೂತದ ಹಣೆಬರಹವನ್ನೂ ಆಗಿರುತ್ತಿತ್ತು.

ಪಟ್ಟಿಯಲ್ಲಿದ್ದ ಮೊದಲನೆಯವರು ದೊಡ್ಡ ಚಿತ್ರಗಳನ್ನು ಮಾಡಿ ಗೆದ್ದವರು. ಅಂಧೇರಿಯ ಕಚೇರಿಯಲ್ಲಿ ನಮ್ಮನ್ನು ಬಹಳ ಗೌರವದಿಂದ ಕೂರಿಸಿ, ಗೋಡೆಯಗಲದ ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ತೋರಿಸಿದರು. ಒಡೆಯನ ಮನೆ ಅರಮನೆಯಾಗಿತ್ತು; ಗದ್ದೆಯ ಮೇಲೆ ಕಪ್ಪು ಮೋಡದಂತೆ ನೆರಳುಗಳ ಸೈನ್ಯ ಎದ್ದು ನಿಂತಿತ್ತು; ಕೊನೆಯಲ್ಲಿ ಆ ಸೈನ್ಯಕ್ಕೂ ಬೆಳಕಿನ ಕತ್ತಿ ಹಿಡಿದ ಹುಡುಗಿಗೂ ಯುದ್ಧ. ಕೆಲಸ ಅದ್ಭುತವಾಗಿತ್ತು, ನಾನು ಸುಳ್ಳು ಹೇಳಲಾರೆ. ದಾದರಿನಲ್ಲಿ ಗಾಡಿ ಬದಲಿಸಿ ಕಲ್ಯಾಣ ಲೋಕಲ್ಲಿನಲ್ಲಿ ನಿಂತುಕೊಂಡ ಮೇಲೆ ಗೆಳೆಯರು ಬಾಯಿ ಬಿಟ್ಟರು: "ನನ್ನ ನೆರಳುಗಳಿಗೆ ಯುದ್ಧ ಮಾಡಲು ಪುರುಸೊತ್ತೆಲ್ಲಿ ತಂಗೀ? ಬೆಳಗಾದರೆ ಗದ್ದೆಗೆ ಹೋಗಬೇಕು."

ಕಲ್ಪನಾಲೋಕದ ಕಥೆಗೆ ಅದ್ಭುತವನ್ನು ತೋರಿಸಿ ಅಭ್ಯಾಸವಿರುವವರೇ ತಕ್ಕವರು ಎಂಬ ನಂಬಿಕೆ ಈ ಉದ್ಯಮದಲ್ಲಿ ಗಟ್ಟಿಯಾಗಿ ಬೇರೂರಿದೆ. ಟೋಲ್ಕಿನ್ನರ ಮಹಾಕಾದಂಬರಿ 'ದ ಲಾರ್ಡ್ ಆಫ್ ದ ರಿಂಗ್ಸ್'ನ ಮಾತು ಬಂದಾಗಲೆಲ್ಲ ಅದನ್ನು ಮೂರು ಭಾಗಗಳಲ್ಲಿ ಚಿತ್ರ ಮಾಡಿದ ಪೀಟರ್ ಜಾಕ್ಸನ್ ಹೆಸರನ್ನು ಈ ನಂಬಿಕೆಗೆ ಆಧಾರವಾಗಿ ಎಳೆದು ತರುತ್ತಾರೆ. 2003ರ ಮೂರನೆಯ ಭಾಗಕ್ಕೆ ಬಂದ 11 ಆಸ್ಕರ್‌ಗಳ ಲೆಕ್ಕವನ್ನೂ ಒಪ್ಪಿಸುತ್ತಾರೆ. ಆದರೆ ಆ ಕೆಲಸ ಕೈಗೆ ಬರುವ ಮುನ್ನ ಆತ ನ್ಯೂಜಿಲೆಂಡಿನಲ್ಲಿ ಅಗ್ಗದ ರಕ್ತಸಿಕ್ತ ಭಯಾನಕ ಚಿತ್ರಗಳನ್ನು ಮಾಡಿಕೊಂಡಿದ್ದ ಮನುಷ್ಯ. ಮೊದಲ ಚಿತ್ರದ ಮುಖವಾಡಗಳನ್ನು ತಾಯಿಯ ಅಡುಗೆಮನೆಯ ಒಲೆಯಲ್ಲಿ ಬೇಯಿಸಿದ್ದ. ಹುಡುಕುವ ಕಣ್ಣಿದ್ದವರಿಗೆ ಸುಳಿವು ಸಿಗುತ್ತಿದ್ದದ್ದು 1994ರ 'ಹೆವೆನ್ಲಿ ಕ್ರೀಚರ್ಸ್' ಚಿತ್ರದಲ್ಲಿ. ತಮ್ಮದೇ ಒಂದು ಕಲ್ಪನೆಯ ರಾಜ್ಯವನ್ನು ಕಟ್ಟಿಕೊಂಡ ಇಬ್ಬರು ಶಾಲಾ ಹುಡುಗಿಯರು ಕೊಲೆಯವರೆಗೆ ಹೋದ ನಿಜ ಘಟನೆ ಅದು. ಆ ರಾಜ್ಯವನ್ನು ಹುಡುಗಿಯರು ಎಷ್ಟು ನಂಬಿದ್ದರೋ ಚಿತ್ರವೂ ಅಷ್ಟೇ ನಂಬುತ್ತದೆ, ನಗುವುದಿಲ್ಲ.

ಅದಕ್ಕಿಂತಲೂ ನನಗೆ ಇಷ್ಟವಾದ ಸಂಗತಿ ತರಕಾರಿಯದು. ಆ ಕಥೆಯ ಹಾಬಿಟ್ ಎಂಬ ಕುಳ್ಳ ಜನರ ಊರನ್ನು ಮಾತಾಮಾತಾ ಎಂಬಲ್ಲಿನ ಕುರಿ ಸಾಕುವ ಹೊಲದಲ್ಲಿ ಕಟ್ಟಿದಾಗ, ಚಿತ್ರೀಕರಣಕ್ಕೆ ಸುಮಾರು ಒಂದು ವರ್ಷ ಮೊದಲೇ ಅಲ್ಲಿ ತರಕಾರಿ, ಹೂವು, ಬೇಲಿಗಿಡಗಳನ್ನು ನೆಟ್ಟು ಬೆಳೆಯಲು ಬಿಟ್ಟರು. ನಿನ್ನೆ ತಂದಿಟ್ಟಂತೆ ಕಾಣದೆ ತಲೆಮಾರುಗಳಿಂದ ಜನ ಬಾಳಿದ ಜಾಗದಂತೆ ಅದು ಕಾಣಬೇಕಿತ್ತು. ಉಂಗುರದ ಮಾಯೆಯನ್ನು ನಾವು ನಂಬುವುದು ಆ ಎಲೆಕೋಸನ್ನು ನಂಬಿದ ಮೇಲೆ. ಮಾಯೆಗೆ ಸ್ವಂತ ತೂಕವಿಲ್ಲ. ಅದರ ಅಕ್ಕಪಕ್ಕದ ಮಡಕೆ, ಕೆಸರು, ಹಸಿವು, ಮೈನೋವುಗಳಿಂದ ಅದು ತೂಕವನ್ನು ಸಾಲ ಪಡೆಯುತ್ತದೆ. ಸತ್ಯಜಿತ್ ರಾಯ್ 1969ರಲ್ಲಿ ತಮ್ಮ ಅಜ್ಜ ಉಪೇಂದ್ರಕಿಶೋರರ ಮಕ್ಕಳ ಕಥೆಯನ್ನು ತೆಗೆದುಕೊಂಡು 'ಗೂಪಿ ಗೈನೆ ಬಾಘಾ ಬೈನೆ' ಮಾಡಿದಾಗ, ದುಡ್ಡು ಸಾಲದೆ ಇಡೀ ಚಿತ್ರವನ್ನು ಕಪ್ಪು ಬಿಳುಪಿನಲ್ಲಿ ತೆಗೆದು ಕೊನೆಯ ದೃಶ್ಯಕ್ಕಷ್ಟೇ ಬಣ್ಣ ಕೊಟ್ಟರು. ಭೂತಗಳು ನಾಲ್ಕು ವರ್ಗಗಳಾಗಿ ಕುಣಿಯುವ ಆ ದೀರ್ಘ ನೃತ್ಯ ಇಂದಿಗೂ ಮಕ್ಕಳನ್ನು ಹಿಡಿದು ಕೂರಿಸುತ್ತದೆ. ಅದಕ್ಕೆ ಹದಿನಾಲ್ಕು ವರ್ಷ ಮೊದಲು 'ಪಥೇರ್ ಪಾಂಚಾಲಿ'ಯಲ್ಲಿ ಹಳ್ಳಿಯ ಬಡಮನೆಯೊಂದರ ಮಳೆಯನ್ನೂ ಮಿಠಾಯಿಯವನನ್ನೂ ತೋರಿಸಿದವರು ಈ ಭೂತಗಳನ್ನು ಕುಣಿಸಿದರು ಎಂಬುದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಎರಡನೆಯವನು ಬೆಂಗಳೂರಿನಿಂದ ಬಂದ ಹುಡುಗ, ಪುಸ್ತಕದ ಭಕ್ತ. ಅವನ ಪ್ರತಿಯ ಬೆನ್ನು ಕಿತ್ತುಹೋಗಿ ಟೇಪು ಹಚ್ಚಿತ್ತು. ಒಂದು ವಾಕ್ಯವನ್ನೂ ಬದಲಿಸುವುದಿಲ್ಲ ಎಂದು ಅವನು ಮಾತು ಕೊಟ್ಟಾಗ ಗೆಳೆಯರ ಕಣ್ಣು ತುಂಬಿಬಂತು. ಅಂಥ ಓದುಗನೊಬ್ಬನ ಎದುರು ಕುಳಿತ ಲೇಖಕನ ಸುಖವನ್ನು ಕೆಡಿಸುವುದು ಪಾಪದ ಕೆಲಸ. ಆದರೂ ನಾನು ಎರಡು ಪ್ರಶ್ನೆ ಕೇಳಿದೆ. ಹದಿನೆಂಟು ಅಧ್ಯಾಯಗಳಲ್ಲಿ ಯಾವುದನ್ನು ಬಿಡುತ್ತೀಯಪ್ಪ ಎಂದಾಗ ಅವನು ನಾನು ಅವನ ಮಕ್ಕಳಲ್ಲಿ ಒಬ್ಬರನ್ನು ಕೇಳಿದಂತೆ ನೋಡಿದ. ಹುಡುಗಿ ತಂದೆಯ ನೆರಳು ಭತ್ತ ಕುಟ್ಟುವುದನ್ನು ಮೊದಲ ಸಲ ಕಂಡಾಗ ಕ್ಯಾಮೆರಾ ಯಾರ ಮೇಲಿರುತ್ತದೆ, ನೆರಳಿನ ಮೇಲೋ ಹುಡುಗಿಯ ಮುಖದ ಮೇಲೋ ಎಂದಾಗ, "ಪುಸ್ತಕದಲ್ಲಿ ಇದ್ದ ಹಾಗೇ ಮೇಡಂ" ಎಂದ. ಪುಸ್ತಕದಲ್ಲಿ ಕ್ಯಾಮೆರಾ ಇಲ್ಲ. ಪುಸ್ತಕದಲ್ಲಿರುವುದು ಒಂದು ಉದ್ದದ ವಾಕ್ಯ. ಅದರ ಕ್ರಿಯಾಪದ ಕೊನೆಗೆ ಬರುತ್ತದೆ, ಅಲ್ಲಿಯವರೆಗೆ ಕುಟ್ಟುತ್ತಿರುವುದು ಮನುಷ್ಯನೋ ಏನೋ ನಮಗೆ ತಿಳಿಯುವುದಿಲ್ಲ. ಕನ್ನಡದ ಈ ಉಪಾಯಕ್ಕೆ ಸಮನಾದುದನ್ನು ಬೆಳಕಿನಲ್ಲಿ, ಸದ್ದಿನಲ್ಲಿ, ಕತ್ತರಿಯಲ್ಲಿ ಹುಡುಕಬೇಕಾದವನು ನಿರ್ದೇಶಕ. ಭಕ್ತಿಯಿಂದ ಅದು ಸಿಗುವುದಿಲ್ಲ.

ಹ್ಯಾರಿ ಪಾಟರ್ ಸರಣಿಯನ್ನು ಒಂದೊಂದಾಗಿ ನೋಡಿದವರಿಗೆ ಈ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಕ್ರಿಸ್ ಕೊಲಂಬಸ್ ಮಾಡಿದ ಮೊದಲೆರಡು ಚಿತ್ರಗಳು ಪುಸ್ತಕದ ಕೈಹಿಡಿದೇ ನಡೆಯುತ್ತವೆ, ಎಲ್ಲೂ ಎಡವುವುದಿಲ್ಲ. 2004ರಲ್ಲಿ ಮೂರನೆಯದಕ್ಕೆ ಬಂದ ಮೆಕ್ಸಿಕೋದ ಅಲ್ಫಾನ್ಸೋ ಕುವರೋನ್ ಮೂವರು ಮುಖ್ಯ ಮಕ್ಕಳಿಗೆ ಅವರವರ ಪಾತ್ರದ ಬಗ್ಗೆ ಪ್ರಬಂಧ ಬರೆಯಲು ಹೇಳಿದ. ಹರ್ಮೈನಿಯ ಪಾತ್ರದ ಹುಡುಗಿ ಪುಟಗಟ್ಟಲೆ ಬರೆದಳು, ಹ್ಯಾರಿ ಒಂದು ಪುಟ ಬರೆದ, ರಾನ್ ಪಾತ್ರದವನು ಬರೆಯಲೇ ಇಲ್ಲ. ಮೂವರೂ ತಮ್ಮ ಪಾತ್ರಕ್ಕೆ ತಕ್ಕಂತೆಯೇ ನಡೆದುಕೊಂಡಿದ್ದರು. ಸಮವಸ್ತ್ರವನ್ನು ಮಕ್ಕಳು ತಮಗೆ ಬೇಕಾದಂತೆ ಧರಿಸಲೆಂದೂ ಆತ ಬಿಟ್ಟ. ಟೈ ಸಡಿಲವಾದ ಆ ಮಕ್ಕಳನ್ನು ಕಂಡ ಮೇಲೆ ಅವರ ಮಂತ್ರದಂಡಗಳೂ ಶಾಲೆಗೆ ಒಯ್ಯುವ ಸಾಮಾನಿನಂತೆ ಕಂಡವು. ಪುಸ್ತಕದಿಂದ ಬಹಳಷ್ಟನ್ನು ಬಿಟ್ಟದ್ದು ಅದೇ ಚಿತ್ರ, ಮತ್ತು ಎಂಟರಲ್ಲಿ ನಾನು ಮತ್ತೆ ಮತ್ತೆ ನೋಡುವುದೂ ಅದೊಂದನ್ನೇ.

ಲೇಖಕನ ಸಂಕಟವನ್ನು ನಾನು ಹಗುರವಾಗಿ ಕಾಣುತ್ತಿದ್ದೇನೆ ಎಂದು ಗೆಳೆಯರಿಗೆ ಆ ಸಂಜೆ ಅನ್ನಿಸಿತು. ಅವರು ತ.ರಾ.ಸು. ಅವರ ಮಾತೆತ್ತಿದರು: 'ನಾಗರಹಾವು' 1972ರಲ್ಲಿ ತೆರೆಗೆ ಬಂದು ನಾಡೆಲ್ಲ ಕೊಂಡಾಡುತ್ತಿದ್ದಾಗ ಕಾದಂಬರಿಕಾರರಿಗೆ ಅದು ಕೇರೆಹಾವಿನಂತೆ ಕಂಡಿತೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಜರ್ಮನ್ ಲೇಖಕ ಮಿಖಾಯೆಲ್ ಎಂಡೆಯ ಪಾಡೂ ಹೀಗೆಯೇ ಆಯಿತು. ಜಲಾಂತರ್ಗಾಮಿಯೊಳಗಿನ ಯುದ್ಧಚಿತ್ರದಿಂದ ಹೆಸರಾದ ವೊಲ್ಫ್‌ಗ್ಯಾಂಗ್ ಪೀಟರ್ಸನ್ 1984ರಲ್ಲಿ ಅವನ 'ಮುಗಿಯದ ಕಥೆ' ಎಂಬ ಕಾದಂಬರಿಯ ಮೊದಲರ್ಧವನ್ನಷ್ಟೇ ಚಿತ್ರ ಮಾಡಿದಾಗ, ಎಂಡೆ ತನ್ನ ಹೆಸರನ್ನು ಆರಂಭದ ಹೆಸರುಗಳಿಂದ ತೆಗೆಸಿದ, ನ್ಯಾಯಾಲಯಕ್ಕೂ ಹೋಗಿ ಸೋತ. ಲಕ್ಷಾಂತರ ಮಕ್ಕಳು ಆ ಚಿತ್ರವನ್ನು ಪ್ರೀತಿಸಿದರು ಎಂಬುದರಿಂದ ಅವನಿಗೆ ಸಮಾಧಾನವಾಗಬೇಕಿತ್ತು ಎನ್ನುವ ಹಕ್ಕು ನಮಗಿಲ್ಲ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಬೇರೊಂದು ದಾರಿ ಹಿಡಿದವರು. ಜಪಾನಿನ ಅನಿಮೇಷನ್ ನಿರ್ದೇಶಕ ಮಿಯಾಝಾಕಿ ಹಯಾವೊ ಮೊದಲು ಕೇಳಿದಾಗ ಅವರ ಚಿತ್ರಗಳ ಪರಿಚಯವಿಲ್ಲದೆ ಒಪ್ಪದೆ, ಎಷ್ಟೋ ವರ್ಷಗಳ ಮೇಲೆ ಅವರನ್ನೇ ನಂಬಿ ಭೂಸಮುದ್ರ (ಅರ್ಥ್‌ಸೀ) ಎಂಬ ಲೋಕದ ತಮ್ಮ ಕಥೆಗಳನ್ನು ಅವರ ಸ್ಟುಡಿಯೋಗೆ ಕೊಟ್ಟರು. 2006ರಲ್ಲಿ ಚಿತ್ರವನ್ನು ನಿರ್ದೇಶಿಸಿದ್ದು ಮಗ ಗೋರೋ, ಅದು ಅವನ ಮೊದಲ ಚಿತ್ರ. ನೋಡಿದ ಮೇಲೆ ಆಕೆ, ಇದು ನನ್ನ ಪುಸ್ತಕವಲ್ಲ, ನಿಮ್ಮ ಚಿತ್ರ, ಒಳ್ಳೆಯ ಚಿತ್ರ ಎಂದು ಅವನಿಗೆ ಹೇಳಿದರಂತೆ. ಆ ಸೌಜನ್ಯದೊಳಗೆ ಎಷ್ಟು ನೋವಿತ್ತೆಂಬುದು ಆಕೆ ಆಮೇಲೆ ಬರೆದ ಟಿಪ್ಪಣಿಯನ್ನು ಓದಿದವರಿಗೆ ಗೊತ್ತು. ಗೆಳೆಯರು ಇದನ್ನು ಕೇಳಿ, "ಜಾಮೀನು ನಿಂತವ ಒಬ್ಬ, ಸಾಲ ತೆಗೆದುಕೊಂಡವ ಇನ್ನೊಬ್ಬ" ಎಂದರು. ಬ್ಯಾಂಕಿನವರ ಹೋಲಿಕೆಗಳು ಕೆಲವೊಮ್ಮೆ ವಿಮರ್ಶಕರದ್ದಕ್ಕಿಂತ ನೇರವಾಗಿರುತ್ತವೆ.

ಮೂರನೆಯವರು ರತ್ನಾಗಿರಿ ಕಡೆಯ ಮರಾಠಿ ಹೆಣ್ಣುಮಗಳು. ಎರಡೇ ಚಿತ್ರ ಮಾಡಿದ್ದರು, ಎರಡರಲ್ಲೂ ಮಾಯಮಂತ್ರ ಇರಲಿಲ್ಲ, ಎರಡೂ ಹೆಚ್ಚು ದಿನ ಓಡಿರಲಿಲ್ಲ. ಒಂದರಲ್ಲಿ ಬಾವಿ ತೋಡುವ ದೃಶ್ಯವೊಂದು ಏಳೆಂಟು ನಿಮಿಷ ನಡೆಯುತ್ತದೆ, ಮತ್ತು ಅಷ್ಟರಲ್ಲಿ ನೋಡುವವರ ಅಂಗೈ ಉರಿಯತೊಡಗುತ್ತದೆ. ಅವರಿಗೆ ಕನ್ನಡ ಬಾರದು. ನಾನು ಆತುರದಲ್ಲಿ ಮಾಡಿಕೊಟ್ಟ ಹಿಂದಿ ಕರಡನ್ನು ಓದಿಕೊಂಡು ಗೆಳೆಯರ ಡೊಂಬಿವಲಿಯ ಮನೆಗೇ ಬಂದರು. ಕಾಫಿ ಕುಡಿದಾದ ಮೇಲೆ ವಹಿ ತೆರೆದು ಅವರು ಕೇಳಿದ ಮೊದಲ ಪ್ರಶ್ನೆ ಇದು: "ಕಾಕಾ, ಒಂದು ನೆರಳಿಗೆ ಎಷ್ಟು ಅಕ್ಕಿ ಕೊಡುತ್ತಾರೆ? ಬಡ್ಡಿ ಎಷ್ಟು?"

ಗೆಳೆಯರು ಎದ್ದು ನಿಂತುಬಿಟ್ಟರು. ಕಾದಂಬರಿ ಪ್ರಕಟವಾದಂದಿನಿಂದ ಯಾವ ಓದುಗನೂ ಕೇಳದ ಪ್ರಶ್ನೆ ಅದು, ಮತ್ತು ಅದಕ್ಕೆ ಅವರ ಬಳಿ ಉತ್ತರವಿತ್ತು. ಬರೆಯುವಾಗ ಮಾಡಿಕೊಂಡ ಲೆಕ್ಕದ ಪಟ್ಟಿ ಇನ್ನೂ ಕಪಾಟಿನಲ್ಲಿತ್ತು. ಮಕ್ಕಳ ನೆರಳಿಗೆ ಕಡಿಮೆ ಬೆಲೆ, ಅದು ಬೆಳೆಯುತ್ತದೆಂಬ ಕಾರಣಕ್ಕೆ ಒಡೆಯನಿಗೆ ಲಾಭ ಹೆಚ್ಚು. ಬಸುರಿಯ ನೆರಳನ್ನು ಒಂದೆಂದು ಎಣಿಸಬೇಕೋ ಎರಡೆಂದೋ ಎಂಬ ತಕರಾರು. ಅಮಾವಾಸ್ಯೆಗೆ ರಜೆಯುಂಟೇ ಎಂಬ ಪ್ರಶ್ನೆ. ಇಬ್ಬರೂ ಎರಡು ಗಂಟೆ ಹಿಂದಿ ಮರಾಠಿ ಬೆರೆಸಿ ಚಕ್ರಬಡ್ಡಿಯ ಬಗ್ಗೆ ವಾದಿಸಿದರು. ಮಾಯೆಗೆ ಕಟ್ಟಳೆಯಿರಬೇಕು, ಕಟ್ಟಳೆಗೆ ಬೆಲೆಯಿರಬೇಕು ಎಂದು ಪುಸ್ತಕಗಳಲ್ಲಿ ಓದಿದ್ದೆ. ಅದು ಹೀಗೆ ಚಾಪೆಯ ಮೇಲೆ ಕುಳಿತು ಲೆಕ್ಕ ಹಾಕುವ ಸಂಗತಿ ಎಂದು ಅಂದು ಕಂಡೆ.

ನೆರಳಿಲ್ಲದ ಮನುಷ್ಯರನ್ನು ತೋರಿಸುವುದು ಹೇಗೆ ಎಂದು ನಾನು ಕೇಳಿದೆ. ಪ್ರತಿ ಚೌಕಟ್ಟಿನಿಂದಲೂ ಕಂಪ್ಯೂಟರಿನಲ್ಲಿ ನೆರಳನ್ನು ಅಳಿಸುತ್ತ ಹೋದರೆ ಸಣ್ಣ ಚಿತ್ರದ ಹಣವೆಲ್ಲ ಅದಕ್ಕೇ ಕರಗಿಹೋಗುತ್ತದೆ. ಅವರು ಕಿಟಕಿಯಾಚೆ ಬೆರಳು ಮಾಡಿದರು. ಜೂನ್ ಕೊನೆಯ ವಾರ, ಮೋಡ ಕವಿದು ಹೊರಗೆ ಯಾವುದಕ್ಕೂ ನೆರಳಿರಲಿಲ್ಲ, ನೀರಿನ ಟ್ಯಾಂಕಿಗೂ, ಅಂಗಳದ ಅಶೋಕ ಮರಕ್ಕೂ, ಛತ್ರಿ ಹಿಡಿದು ಹೋಗುತ್ತಿದ್ದ ಹೆಂಗಸಿಗೂ. "ಕೊಂಕಣದ ಮಳೆಯಲ್ಲಿ ಶೂಟಿಂಗ್ ಮಾಡೋಣ. ಮೊದಲ ಮುಕ್ಕಾಲು ಗಂಟೆ ಯಾರಿಗೂ ನೆರಳಿರುವುದಿಲ್ಲ, ಯಾರೂ ಗಮನಿಸುವುದೂ ಇಲ್ಲ. ಆಮೇಲೆ ಒಂದು ದಿನ ಬಿಸಿಲು ಬೀಳುತ್ತದೆ, ಒಡೆಯನ ಮಗನೊಬ್ಬನ ಕಾಲಡಿಗೆ ಮಾತ್ರ ನೆರಳು ಬರುತ್ತದೆ" ಎಂದರು. ಅಳಿಸಬೇಕಾದ ನೆರಳು ಆ ಬಿಸಿಲಿನ ದೃಶ್ಯಗಳಿಗಷ್ಟೇ ಉಳಿಯಿತು. ಗೆಳೆಯರು ಬರೆದಿದ್ದ ಕಥೆ ಬೇಸಗೆಯಲ್ಲಿ ನಡೆಯುತ್ತದೆ. ಅದನ್ನು ಅವರು ಅಲ್ಲಿ ಹೇಳಲಿಲ್ಲ, ನಾನೂ ನೆನಪಿಸಲಿಲ್ಲ.

ಆದರೂ ನನ್ನ ಅನುಮಾನ ಪೂರ್ತಿ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ದೊಡ್ಡ ತಂಡವನ್ನು ನಡೆಸಿದ ಅನುಭವ ಅವರಿಗಿಲ್ಲ. ಮಳೆಯಲ್ಲಿ ಚಿತ್ರೀಕರಣವೆಂದರೆ ದಿನಗಟ್ಟಲೆ ಕೈಕಟ್ಟಿ ಕೂರುವುದು, ಹಣ ಹಾಕಿದವರು ಆಗ ಯಾವ ಮುಖ ತೋರಿಸುತ್ತಾರೋ ತಿಳಿಯದು. ರಾಹಿ ಅನಿಲ್ ಬರ್ವೆಯವರ 'ತುಂಬಾಡ್' ಇದೇ ಮಹಾರಾಷ್ಟ್ರದ ಮಳೆಗಳಲ್ಲಿ ವರ್ಷಗಟ್ಟಲೆ ಕಾದು, 2018ರಲ್ಲಿ ತೆರೆ ಕಂಡಿತು. ಆ ತಾಳ್ಮೆ ಎಲ್ಲ ನಿರ್ಮಾಪಕರಿಗೂ ಇರಲಾರದು. ಭಾಷೆಯ ಪ್ರಶ್ನೆಯೂ ಇತ್ತು. ಚಿತ್ರ ಕನ್ನಡದಲ್ಲಿ, ನಿರ್ದೇಶಕಿಗೆ ಕನ್ನಡವಿಲ್ಲ. ಗೆಳೆಯರು ಇದಕ್ಕೆ ಒಂದೇ ಮಾತು ಹೇಳಿದರು: ಬೆಂಗಳೂರಿನ ಹುಡುಗನಿಗೆ ನನ್ನ ಭಾಷೆ ಬರುತ್ತದೆ, ಇವಳಿಗೆ ನನ್ನ ಊರು ಬರುತ್ತದೆ.

ಕರಾರಿನ ವಿಚಾರದಲ್ಲಿ ಅವರಿಗೆ ನನ್ನ ನೆರವು ಬೇಕಾಗಲಿಲ್ಲ. 1957ರ ಕಾಪಿರೈಟ್ ಕಾಯಿದೆಯ 19ನೆಯ ಕಲಮಿನಂತೆ, ಅವಧಿಯನ್ನು ಬರೆಯದೆ ಬಿಟ್ಟರೆ ಹಕ್ಕು ಐದು ವರ್ಷಕ್ಕೆಂದು ಲೆಕ್ಕ. ಬೇರೆ ಮಾತಾಗಿರದಿದ್ದರೆ, ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದೆ ಹೋದಾಗ ಅದು ಬಿದ್ದುಹೋಗುತ್ತದೆ. ಬೇರೆ ಮಾತು ಏನೇನಿದೆ ಎಂದು ಅವರು ಪ್ರತಿ ಪುಟವನ್ನೂ ಅಡವು ಪತ್ರ ಓದುವಂತೆ ಓದಿದರು. ಕೃತಿಯನ್ನು ವಿರೂಪಗೊಳಿಸಿ ಲೇಖಕನ ಗೌರವಕ್ಕೆ ಕುಂದು ತಂದರೆ ಪ್ರಶ್ನಿಸುವ ಹಕ್ಕು 57ನೆಯ ಕಲಮಿನಲ್ಲಿದೆ, ಹಕ್ಕನ್ನು ಮಾರಿದ ಮೇಲೂ ಅದು ಉಳಿಯುತ್ತದೆ. ಹಿಂದಿ ಲೇಖಕಿ ಮನ್ನೂ ಭಂಡಾರಿ ತಮ್ಮ ಕಾದಂಬರಿಯ ಚಿತ್ರದ ವಿಷಯದಲ್ಲಿ ದೆಹಲಿ ಹೈಕೋರ್ಟಿಗೆ ಹೋದದ್ದು ಇದೇ ಕಲಮನ್ನು ಹಿಡಿದು, 1986ರಲ್ಲಿ ಬಂದ ಆ ತೀರ್ಪನ್ನು ವಕೀಲರು ಇಂದಿಗೂ ಎತ್ತಿ ಹೇಳುತ್ತಾರೆ. ನಿರ್ದೇಶಕರನ್ನು ಬದಲಿಸುವುದಾದರೆ ಲೇಖಕನಿಗೆ ಬರಹದಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬ ಒಂದು ಸಾಲನ್ನು ಗೆಳೆಯರು ಸೇರಿಸಲು ಹೇಳಿದರು. ಎರಡು ವಾರ ಎಳೆದಾಡಿ ನಿರ್ಮಾಪಕರು ಒಪ್ಪಿದರು.

ಬೆಂಗಳೂರಿನ ಹುಡುಗನಿಗೆ ಸುದ್ದಿ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವನು ಬಹಳ ಹೊತ್ತು ಸುಮ್ಮನಿದ್ದು, ಮಳೆಯ ಉಪಾಯವನ್ನು ಕೇಳಿದ ಮೇಲೆ, "ನನಗೆ ಯಾಕೆ ಹೊಳೆಯಲಿಲ್ಲ" ಎಂದು ತನ್ನಷ್ಟಕ್ಕೇ ಹೇಳಿಕೊಂಡ. ಸಂಭಾಷಣೆ ತಿದ್ದಲು ಈಗ ಅವನೇ ತಂಡದಲ್ಲಿದ್ದಾನೆ.

ನವರಾತ್ರಿ ಕಳೆದ ಮೇಲೆ ನಿರ್ದೇಶಕಿ ಅಂಕೋಲೆಗೆ ಹೋಗಿ, ಗೆಳೆಯರ ಹಳೆಯ ಮನೆಯ ಅಂಗಳದಲ್ಲಿ ಮೂರು ದಿನ ಸೀಮೆಸುಣ್ಣ ಹಿಡಿದು ತುಳಸಿಕಟ್ಟೆಯ ನೆರಳನ್ನು ಗಂಟೆಗೊಮ್ಮೆ ಗುರುತು ಹಾಕಿದರಂತೆ. ಮನೆಯಲ್ಲಿರುವ ಅತ್ತಿಗೆ ಇದ್ಯಾವ ಶಾಸ್ತ್ರವೆಂದು ಡೊಂಬಿವಲಿಗೆ ಫೋನು ಮಾಡಿ ಕೇಳಿದರು. ಚಿತ್ರಕಥೆಯ ಮೊದಲ ಕರಡು ಜನವರಿಯಲ್ಲಿ ಬಂತು. ಬೇಸಗೆ ಮಳೆಗಾಲವಾಗಿತ್ತು, ಹದಿನೆಂಟು ಅಧ್ಯಾಯಗಳಲ್ಲಿ ಏಳು ಕಾಣೆಯಾಗಿದ್ದವು, ಗೆಳೆಯರಿಗೆ ಅತಿ ಪ್ರಿಯವಾದ ಅಜ್ಜಿಯ ಪಾತ್ರ ಎರಡು ದೃಶ್ಯಕ್ಕೆ ಇಳಿದಿತ್ತು. ಅವರು ಎರಡು ದಿನ ಫೋನು ಎತ್ತಲಿಲ್ಲ. ಮೂರನೆಯ ದಿನ ಅವರಿಂದ ನನಗೆ ಬಂದದ್ದು ನಾಲ್ಕನೆಯ ಪುಟದ ಫೋಟೊ. ಒಡೆಯನ ಲೆಕ್ಕದ ಪುಸ್ತಕ ಪರದೆಯ ಮೇಲೆ ಕಾಣುವ ದೃಶ್ಯ ಅದು. ಮೂರು ವರ್ಷದ ಬಡ್ಡಿಯ ಕಡೆಯ ಮೊತ್ತವನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದ ಮೊತ್ತ ಬರೆದಿದ್ದರು. ಕೆಳಗೆ, "ಅಸಲಿಗೆ ಬಡ್ಡಿ ಸೇರಿಸುವುದನ್ನು ಎರಡನೇ ವರ್ಷ ಮರೆತಿದ್ದಾಳೆ, ತಿದ್ದಿಕೊಳ್ಳಲು ಹೇಳು" ಎಂದಿತ್ತು.